ಮಂಗಳವಾರದ ಸಾರು

ಭಾವನ ಬಲ ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ. ಎಡಗೈ ತುಂಬ ದಟ್ಟವಾದ ಕಪ್ಪು ಕೂದಲು. ಬಲಗೈ ಮಾತ್ರ ಮೊಣಕೈವರೆಗೆ ಹಸುಗೂಸಿನ ಮೈಯಂತೆ ನುಣ್ಣಗೆ, ಸ್ವಲ್ಪ ಕೆಂಪಗೆ ಹೊಳೆಯುತ್ತಿತ್ತು. ವರ್ಷಗಟ್ಟಲೆ ದೊಡ್ಡ ಒಲೆಯ ಮುಂದೆ ನಿಂತು ಬಾಣಲೆ ಆಡಿಸಿದ್ದರಿಂದ ಬೆಂಕಿ ಆ ಕೈಯಲ್ಲಿ ಕೂದಲು ಬೆಳೆಯಲು ಬಿಟ್ಟಿರಲಿಲ್ಲ. ಅಕ್ಕನ ಮದುವೆಯಲ್ಲಿ ಧಾರೆಯ ಹೊತ್ತಿಗೆ ನಮ್ಮವ್ವ ಆ ಎರಡು ಕೈಗಳನ್ನೂ ಒಟ್ಟಿಗೆ ನೋಡಿ ಗಾಬರಿಯಾಗಿ, "ಅಳಿಯಂದ್ರ ಒಂದು ಕೈಗೆ ಅದೇನೋ ಆಗದಲ್ಲಪ್ಪ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅದು ಭಾವನಿಗೂ ಕೇಳಿಸಿತು. ತಾಳಿ ಹಿಡಿದುಕೊಂಡೇ ಅವರು, "ಏನೂ ಆಗಿಲ್ಲ ಕಣತ್ತೆ. ಈ ಕೈ ಅಡ್ಗೆಗೆ, ಆ ಕೈ ನಿಮ್ ಮಗಳ್ನ ಇಡ್ಕಳಕೆ" ಎಂದರು. ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಅಕ್ಕ ತಲೆ ಎತ್ತಲಿಲ್ಲ.

ನಮ್ಮೂರು ಧನಗೆರೆ. ಅಕ್ಕನನ್ನು ಕೊಟ್ಟಿದ್ದು ಯಳಂದೂರು ತಾಲ್ಲೂಕಿನ ಮಾಂಬಳ್ಳಿಗೆ. ಭಾವ ಬಿಳಿಗಿರಿರಂಗನ ಬೆಟ್ಟದ ಒಂದು ಸಣ್ಣ ರೆಸಾರ್ಟಿನಲ್ಲಿ ಅಡುಗೆಯವರು. ಪಾತ್ರೆ ತೊಳೆಯಲು ಸೇರಿದವರು ಮೇಲೆ ಬಂದು ಒಲೆಯ ಹೊಣೆ ಹೊತ್ತಿದ್ದರು. ಅಪ್ಪ ತೀರಿಕೊಂಡಾಗ ನಾನು ಹತ್ತನೇ ಕ್ಲಾಸು ಮುಗಿಸಿ, ಮುಂದೇನು ಎಂದು ತಿಳಿಯದೆ ಕೂತಿದ್ದೆ. ಭಾವ ಬಂದು ನನ್ನನ್ನೂ ಅವ್ವನನ್ನೂ ಮಾಂಬಳ್ಳಿಗೆ ಕರೆದುಕೊಂಡು ಹೋದರು. ತಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದ ಹಳೆಯ ಕೊಟ್ಟಿಗೆಗೆ ಶೀಟು ಹೊದಿಸಿ, ಹಿಟ್ಟಿನ ಗಿರಣಿ ಹಾಕಿಸಿಕೊಟ್ಟರು. ಇವತ್ತಿಗೂ ನಾನು ಉಣ್ಣುತ್ತಿರುವುದು ಅದರಿಂದಲೇ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ನಿಂತ ನನ್ನನ್ನು ಕಂಡರೆ ಅವರಿಗೆ ತಮಾಷೆ. "ಲೇ ಭಾಮೈದ, ಮ್ಯಾಲೆ ಒಂದ್ ಮೊಟ್ಟೆ ಒಡ್ದು ಉಯ್ದ್ರೆ ಸಾಕು, ನಿನ್ನ ಅಂಗೇ ಎಣ್ಣೇಲಿ ಕರೀಬೌದು. ನಿಂಗ್ಯಾರ್ಲಾ ಎಣ್ ಕೊಟ್ಟಾರು?" ಎನ್ನುತ್ತಿದ್ದರು. ಕೊನೆಗೂ ಯಾರೂ ಕೊಡಲಿಲ್ಲ. ಮಲಗುವುದು ಗಿರಣಿಯಲ್ಲಾದರೂ ಅಕ್ಕನ ಮನೆಯೇ ನನ್ನ ಮನೆಯಾಯಿತು.

ಅವರಿಗೆ ವಾರದ ರಜೆ ಸೋಮವಾರ. ಭಾನುವಾರದ ಗಿರಾಕಿಗಳು ಬೆಟ್ಟ ಇಳಿದ ಮೇಲೆ ಅವರೂ ಇಳಿಯುತ್ತಿದ್ದರು. ಆದರೆ ಸೋಮವಾರ ನಮ್ಮ ಮನೆದೇವರು ಮಾದಪ್ಪನ ವಾರ. ನಮ್ಮ ಮನೆಗಳಲ್ಲಿ ಅವತ್ತು ಬಾಡು ಬೇಯುವುದಿಲ್ಲ. ಮಂಗಳವಾರ ಬೆಳಗಿನ ಬಸ್ಸಿಗೆ ಅವರು ಮತ್ತೆ ಬೆಟ್ಟ ಹತ್ತಬೇಕು. ಹಾಗಾಗಿ ಊರವರಿಗೆಲ್ಲ ಭಾನುವಾರ ಮಧ್ಯಾಹ್ನ ಬಾಡೂಟವಾದರೆ, ನಮಗೆ ಮಂಗಳವಾರ ಬೆಳಿಗ್ಗೆ. ಪಕ್ಕದ ಮನೆಯವರು ಉಪ್ಪಿಟ್ಟು ತಿನ್ನುವ ಹೊತ್ತಿಗೆ ನಾವು ಕೋಳಿ ಮೂಳೆ ಚೀಪುತ್ತಿದ್ದೆವು. ಅವ್ವ ಮೊದಮೊದಲು, "ಮೊಕ ತೊಳ್ದ ತಕ್ಷಣ ಬಾಡಾ?" ಎಂದು ಮುಖ ಕಿವುಚಿದಳು. ಆಮೇಲೆ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ಕೂರುವವಳು ಅವಳೇ ಆದಳು.

ಆ ಬೆಳಗಿನ ಊಟಕ್ಕೆ ಭಾವ ಮಾಡುತ್ತಿದ್ದದ್ದು ನಮ್ಮ ಕಡೆಯ ಕೋಳಿ ಸಾರಲ್ಲ, ಮೆಕ್ಸಿಕೋ ದೇಶದ್ದು. ಅದು ಅವರಿಗೆ ಸಿಕ್ಕ ಬಗೆಯನ್ನು ಅವರ ಬಾಯಲ್ಲೇ ಕೇಳಬೇಕಿತ್ತು. ಒಂದು ಮಳೆಗಾಲ, ಹಕ್ಕಿ ನೋಡಲು ಬಂದ ಮಗನ ಜೊತೆ ಆ ದೇಶದ ಅಜ್ಜಿಯೊಬ್ಬರು ರೆಸಾರ್ಟಿಗೆ ಬಂದಿದ್ದರಂತೆ. ಮಗ ಕಾಡಿಗೆ ಹೋದರೆ ಅಜ್ಜಿಗೆ ಕೂತು ಕೂತು ಬೇಜಾರು. ಒಂದು ದಿನ ಅಡುಗೆಮನೆ ಹಿಂದೆ ಕೋಳಿಗಳಿಗೆ ಎಂದು ಇಟ್ಟಿದ್ದ ಮುಸುಕಿನ ಜೋಳದ ಮೂಟೆ ಕಂಡದ್ದೇ, ಬೊಗಸೆ ತುಂಬ ತುಂಬಿಕೊಂಡು ಒಳಗೆ ಬಂದರು. ಭಾವ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅಜ್ಜಿ ಅವರ ಕೈಯಲ್ಲಿದ್ದ ಸುಣ್ಣದ ಡಬ್ಬಿಯನ್ನೇ ನೋಡತೊಡಗಿದರು. "ಪಾಪ, ಆಸೆಯಾಯ್ತೇನೋ ಅಂತ ಒಂದ್ ಎಲೆ ಮಡಿಸಿಕೊಟ್ಟೆ ಕಣ್ಲಾ. ಅದ್ನ ಪಕ್ಕಕ್ಕಿಟ್ಟು ಸುಣ್ಣದ್ ಡಬ್ಬಿನೇ ಕಿತ್ಕಂಡ್ಬುಟ್ರು. ನನ್ ಒಂದ್ ವಾರದ್ ಸುಣ್ಣ ನೀರ್ಗೆ ಓಯ್ತು!" ಎಂದು ಭಾವ ಹೇಳುವಾಗ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಅಜ್ಜಿಗೆ ಕನ್ನಡ ಬಾರದು, ಭಾವನಿಗೆ ಅವರ ಭಾಷೆ ಬಾರದು. ಇಬ್ಬರೂ ಸೇರಿ ಆ ಸಾರು ಮಾಡಿದರು. ಒಣ ಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ಹಾಗೇ ಬಿಡುವುದು. ಮಾರನೇ ದಿನ ಕೈಯಲ್ಲಿ ಉಜ್ಜಿದರೆ ಸಿಪ್ಪೆ ಕಳಚಿಕೊಳ್ಳುತ್ತದೆ. ಸುಣ್ಣದ ಲೇಶವೂ ಉಳಿಯದಂತೆ ತೊಳೆದು ಮತ್ತೆ ಬೇಯಿಸಿದರೆ ಕಾಳು ಉಬ್ಬಿ, ಬಾಯಿ ಬಿಟ್ಟು, ಹೂವಿನಂತೆ ಅರಳುತ್ತದೆ. ಅದಕ್ಕೆ ಮೂಳೆ ಸಮೇತ ಕೋಳಿ. ಕೆಂಡದಲ್ಲಿ ಸುಟ್ಟ ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ. ಹುರಿದು ನೆನೆಸಿದ ಬ್ಯಾಡಗಿ ಮೆಣಸಿನಕಾಯಿ. ಎಲ್ಲವನ್ನೂ ನುಣ್ಣಗೆ ರುಬ್ಬಿ, ಎಣ್ಣೆಯಲ್ಲಿ ಬಾಡಿಸಿ, ಕೋಳಿ ಬೆಂದ ನೀರಿಗೆ ಸುರಿಯುವುದು. ಬಡಿಸಿದ ಮೇಲೆ ಹಸಿ ಕೋಸು, ಕೊತ್ತಂಬರಿ, ನಿಂಬೆರಸ. ಅಜ್ಜಿ ಹೇಳಿದ ಹೆಸರು ಭಾವನ ನಾಲಿಗೆಗೆ ಹತ್ತಲಿಲ್ಲ. ನಮ್ಮ ಮನೆಯಲ್ಲಿ ಅದು ಮಂಗಳವಾರದ ಸಾರು ಅಂತಲೇ ಆಯಿತು. ನಾವು ಅದನ್ನು ಮುದ್ದೆಗೆ ಹಾಕಿಕೊಂಡು ಉಣ್ಣುತ್ತಿದ್ದೆವು. "ಆ ಅಜ್ಜಿ ನೋಡುದ್ರೆ ಅಳ್ತಾಳೋ ನಗ್ತಾಳೋ" ಎನ್ನುತ್ತ ಭಾವ ತಾವೂ ಮುದ್ದೆ ಮುರಿಯುತ್ತಿದ್ದರು.

ಮೊದಲ ಸಲ ಅವರು ಜೋಳಕ್ಕೆ ಸುಣ್ಣ ಹಾಕಿ ಒಲೆಯ ಮೇಲಿಟ್ಟಾಗ ಅವ್ವ ಹೊಸಿಲ ಮೇಲೇ ನಿಂತುಬಿಟ್ಟಳು.

"ಅಳಿಯಂದ್ರೇ, ಇದು ಗ್ವಾಡೆಗೆ ಬಳಿಯಕಾ, ಒಟ್ಟೆಗೆ ಆಕಕಾ?"

"ಮೊದ್ಲು ಒಟ್ಟೆಗೆ ಕಣತ್ತೆ. ಉಳುದ್ರೆ ಗ್ವಾಡೆಗೆ."

ಅದೇ ಉತ್ಸಾಹದಲ್ಲಿ, ಉಳಿದ ಜೋಳದಿಂದ ರೊಟ್ಟಿ ಮಾಡೋಣವೆಂದು ಒಂದು ಬುಟ್ಟಿ ಒದ್ದೆ ಕಾಳನ್ನು ನನ್ನ ಗಿರಣಿಗೆ ಹೊತ್ತು ತಂದರು. ಒದ್ದೆ ಕಾಳನ್ನು ಗಿರಣಿಗೆ ಹಾಕಬಾರದೆಂದು ನನಗೆ ಗೊತ್ತು. ಭಾವ ಹೇಳಿದ್ದಾರಲ್ಲ ಎಂದು ಹಾಕಿದೆ. ಕಲ್ಲು ಎರಡು ಸುತ್ತು ತಿರುಗಿ, ಅಂಟು ಹಿಡಿದು, ಗೊರ್ ಎಂದು ನಿಂತಿತು. ರಾಗಿ ಚೀಲ ಇಟ್ಟುಕೊಂಡು ಕಾದಿದ್ದ ಹೆಂಗಸರೆಲ್ಲ ಬೈದುಕೊಂಡು ಹೋದರು. ಭಾವ ಬೆಳಗಿನ ಬಸ್ಸು ಬಿಟ್ಟು, ಪಂಚೆ ಎತ್ತಿ ಕಟ್ಟಿ, ಸಂಜೆವರೆಗೆ ನನ್ನ ಜೊತೆ ಕೂತು ಕಲ್ಲಿನ ಹಲ್ಲುಗಳಿಂದ ಜೋಳ ಕೆರೆದು ತೆಗೆದರು. ಅಕ್ಕ ಬಾಗಿಲಲ್ಲಿ ನಿಂತು, "ದ್ಯಾವ್ರು ಒಬ್ರಿಗಾದ್ರೂ ಬುದ್ಧಿ ಕೊಟ್ಟಿದ್ರೆ ಸಾಕಾಗಿತ್ತು" ಎಂದು ಕಾಫಿ ಇಟ್ಟು ಹೋದಳು.

ಭಾವನಿಗೆ ಅಡುಗೆಮನೆಯಲ್ಲಿ ಇನ್ನೊಬ್ಬರಿದ್ದರೆ ಆಗುತ್ತಿರಲಿಲ್ಲ. ಯಾರಾದರೂ ಮುಚ್ಚಳ ತೆಗೆದರೆ "ತಡಿ" ಎನ್ನುತ್ತಿದ್ದರು. ಹಸಿವು ಎಂದರೆ "ತಡಿ, ಅರಳ್ಲಿ" ಎನ್ನುತ್ತಿದ್ದರು. ಬಸ್ಸಿನ ಹೊತ್ತಾಯಿತು ಎಂದರೂ ಅದೇ ಮಾತು. ಬಡಿಸುವಾಗ ಮಾತ್ರ ಒಂದು ಕ್ರಮವಿತ್ತು. ಮೊದಲ ಸೌಟು ಅಕ್ಕನಿಗೆ. ಅವ್ವ ಇದ್ದರೂ, ನೆಂಟರು ಬಂದಿದ್ದರೂ ಅಷ್ಟೇ. ನಮ್ಮ ಕಡೆ ಹೆಂಡತಿಗೆ ಮೊದಲು ಬಡಿಸುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಅಕ್ಕ ಮುಜುಗರದಿಂದ, "ಎಲ್ರೂ ನೋಡ್ತಾವ್ರೆ ಕಣ್ರೀ" ಎನ್ನುತ್ತಿದ್ದಳು. ಭಾವ ಸೌಟು ಹಿಡಿದು, ಅವಳು ತಿಂದು ಹೂಂ ಅನ್ನುವವರೆಗೆ ಅಲ್ಲೇ ನಿಂತಿರುತ್ತಿದ್ದರು. ಅವಳು ಹೂಂ ಅಂದ ಮೇಲೆಯೇ ಮಿಕ್ಕವರ ತಟ್ಟೆಗೆ ಸಾರು ಬೀಳುತ್ತಿದ್ದದ್ದು.

ಹೀಗೆ ಎಷ್ಟೋ ವರ್ಷ ನಡೆಯಿತು. ಅಕ್ಕನಿಗೆ ಮಗಳು ಹುಟ್ಟಿ ಕಾಲೇಜಿಗೆ ಹೋಗುವಷ್ಟಾದಳು. ಅವ್ವ ತೀರಿಕೊಂಡಳು. ಮಂಗಳವಾರದ ಸಾರು ಮಾತ್ರ ನಿಂತಿರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ರೆಸಾರ್ಟಿನಿಂದ ಫೋನ್ ಬಂತು. ಭಾವ ಒಲೆಯ ಮುಂದೆ ನಿಂತಿದ್ದ ಹಾಗೇ ಕುಸಿದಿದ್ದರು. ಬೆಟ್ಟದಿಂದ ಯಳಂದೂರಿಗೆ, ಅಲ್ಲಿಂದ ಮೈಸೂರಿಗೆ ಆಂಬುಲೆನ್ಸ್. ಯಳಂದೂರಿನಲ್ಲಿ ಹತ್ತಿಕೊಂಡ ನಾನೂ ಅಕ್ಕನೂ ಹಿಂದೆ ಕೂತಿದ್ದೆವು. ಅಕ್ಕ ಅಳಲಿಲ್ಲ. ಕೊಳ್ಳೇಗಾಲದ ದಿಕ್ಕಿಗೆ, ಅದರಾಚೆ ಮಾದಪ್ಪನ ಬೆಟ್ಟವಿರುವ ದಿಕ್ಕಿಗೆ ತಿರುಗಿ ಕೈ ಮುಗಿದು, ನನಗೂ ನರ್ಸಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು: "ಮಾದಪ್ಪ, ಇವ್ರನ್ನ ಉಳ್ಸು. ಇವ್ರು ಎದ್ದು ನನ್ ಜೊತೆ ನಿನ್ ಬೆಟ್ಟ ಅತ್ತೋಗಂಟ ನನ್ ಮನೇಲಿ ಬಾಡು ಬೇಯಕಿಲ್ಲ. ನಾನೂ ಬಾಯ್ಗೆ ಇಕ್ಕಕಿಲ್ಲ."

ಭಾವ ಉಳಿದರು. ಆದರೆ ಬಲಭಾಗ ಪೂರ್ತಿ ಹೋಗಿತ್ತು. ಮಾತೂ ಹೋಗಿತ್ತು, ಒಂದೇ ಒಂದು ಪದ ಬಿಟ್ಟು. ಡಾಕ್ಟರು "ನಿಮ್ಮ ಹೆಸರೇನು?" ಎಂದರೆ "ತಡಿ" ಎನ್ನುತ್ತಿದ್ದರು. ನೀರು ಬೇಕಾ ಎಂದರೆ ತಡಿ, ನೋವಾಗುತ್ತಿದೆಯಾ ಎಂದರೆ ತಡಿ. ಮಗಳನ್ನು ನೋಡಿ ಕಣ್ಣಲ್ಲಿ ನೀರು ಇಳಿಯುವಾಗಲೂ ಬಾಯಿಂದ ಬಂದದ್ದು ಅದೊಂದೇ. ಅದನ್ನು ಬೇಕು ಎಂದುಕೊಳ್ಳುವುದೋ ಬೇಡ ಎಂದುಕೊಳ್ಳುವುದೋ ನಮಗೆ ತಿಳಿಯುತ್ತಿರಲಿಲ್ಲ. ತಾವು ಹೇಳಬೇಕೆಂದದ್ದು ಅದಲ್ಲ ಎಂದು ಅವರಿಗೂ ಗೊತ್ತಾಗುತ್ತಿತ್ತು. ಆಗ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು.

ಮನೆಗೆ ಕರೆತಂದ ಮೇಲೆ ನಾನು ದಿನವೂ ಬೆಳಿಗ್ಗೆ ಹೋಗಿ ಮೈ ಒರೆಸುತ್ತಿದ್ದೆ. ಒಂದು ದಿನ ಬಲಗೈ ಎತ್ತಿ ಒರೆಸುವಾಗ ಬೆರಳಿಗೆ ಏನೋ ತಾಗಿದ ಹಾಗಾಯಿತು. ನೋಡಿದರೆ ಆ ಮುಂಗೈ ಮೇಲೆ ಕೂದಲು ಮೂಡಿತ್ತು. ಎಳೆಯ, ಕಪ್ಪು ಕೂದಲು. ನಾನು ಕೈಯನ್ನು ಹೊದಿಕೆಯ ಒಳಗೆ ಸೇರಿಸಿ, ನೀರಿನ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೋದೆ. ಅಕ್ಕ ಏನಾಯಿತೆಂದು ಕೇಳಿದಳು. ನೀರು ಆರಿದೆ ಎಂದೆ.

ಊಟ ಅವರಿಗೆ ಸೇರುತ್ತಿರಲಿಲ್ಲ. ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಿದ್ದರು. ರಾಗಿ ಅಂಬಲಿ, ಹಾಲು, ಮೆತ್ತಗೆ ಕಿವುಚಿದ ಅನ್ನ, ಯಾವುದೂ ಬೇಡ. ಬಲವಂತ ಮಾಡಿದರೆ ಬಾಯಿಯಲ್ಲೇ ಇಟ್ಟುಕೊಂಡು ಕೊನೆಗೆ ತುಟಿಯ ಅಂಚಿನಿಂದ ಬಿಟ್ಟುಬಿಡುತ್ತಿದ್ದರು. ಮೈ ಇಳಿಯಿತು. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, "ನುಂಗುವ ಶಕ್ತಿ ಇದೆ. ನಿಧಾನವಾಗಿ ಕೊಟ್ಟರೆ ಹೋಗುತ್ತದೆ. ಅವರೇ ತಿನ್ನಲು ಮನಸ್ಸು ಮಾಡುತ್ತಿಲ್ಲ. ಬುಧವಾರದವರೆಗೆ ನೋಡಿ. ಆಗಲೂ ತಿನ್ನದಿದ್ದರೆ ಮೂಗಿನಿಂದ ಟ್ಯೂಬ್ ಹಾಕಲೇಬೇಕು" ಎಂದರು. ಭಾವ ಅದನ್ನು ಕೇಳಿಸಿಕೊಂಡರು. ಎಡಗೈಯಿಂದ ಮೂಗು ಮುಚ್ಚಿಕೊಂಡರು.

ಆ ಭಾನುವಾರ ಅವರು ಒಂದು ಸನ್ನೆ ಮಾಡತೊಡಗಿದರು. ಎಡಗೈ ಹೆಬ್ಬೆರಳನ್ನು ಹಾಸಿಗೆಯ ಮೇಲೆ ಎಳೆಯುವುದು, ಮತ್ತೆ ಎಳೆಯುವುದು. ಅಕ್ಕ ಎಲೆಗೆ ಸುಣ್ಣ ಹಚ್ಚುವ ಸನ್ನೆ ಎಂದುಕೊಂಡು ಎಲೆ ಅಡಿಕೆ ತಂದಳು. ಭಾವ ಎಲೆಯನ್ನು ದೂಡಿ, ಸುಣ್ಣದ ಡಬ್ಬಿಯನ್ನು ಮಾತ್ರ ಹಿಡಿದುಕೊಂಡರು.

"ಬರೀ ಸುಣ್ಣ ತಿಂತಾರಾ ಇವ್ರು? ಬಾಯಿ ಬೆಂದೋಯ್ತದೆ, ಕೊಡಿ ಇತ್ಲಾಗೆ" ಎಂದು ಅಕ್ಕ ಕಿತ್ತುಕೊಳ್ಳಲು ಹೋದಳು.

ಅವರ ಮಗಳು ತಡೆದಳು. "ಅವ್ವಾ, ಅದು ಎಲೆಗಲ್ಲ. ಜೋಳಕ್ಕೆ. ಅಪ್ಪ ಮಂಗ್ಳಾರದ್ ಸಾರು ಕೇಳ್ತಾವ್ರೆ. ಅಲ್ವಾಪ್ಪಾ?"

ಭಾವ "ತಡಿ ತಡಿ ತಡಿ" ಎಂದರು. ಆ ಸಲ ಅದರ ಅರ್ಥ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಮುಖವೆಲ್ಲ ಅರಳಿತ್ತು.

ಅಕ್ಕನ ಮುಖದಲ್ಲಿ ಮಾತ್ರ ರಕ್ತವೇ ಇರಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ನಾನು ಹಿಂದೆ ಹೋದೆ.

"ನೀನೂ ಕೇಳುಸ್ಕಂಡಿದ್ದಲ್ಲಾ ಅವತ್ತು" ಎಂದಳು. "ಬಾಯ್ ತುಂಬ ಏಳ್ಕಂಡಿವ್ನಿ ಕಣ್ಲಾ. ಪ್ರಾಣ ಕೊಟ್ಟವ್ನೆ ಮಾದಪ್ಪ. ಈಗ ಎಂಗ್ಲಾ ಮಾತು ತಪ್ಲಿ?"

"ಬುಧವಾರ ಟ್ಯೂಬ್ ಆಕ್ತಾರೆ ಅಕ್ಕಾ."

"ಗೊತ್ತು ಕಣೋ."

"ಅವ್ರು ಇನ್ನೇನೂ ತಿನ್ನಕಿಲ್ಲ."

"ಗೊತ್ತು ಅಂದ್ನಲ್ಲಾ!" ಎಂದು ಸಿಡುಕಿ, ಒಲೆ ಕಟ್ಟೆಗೆ ಒರಗಿ ನಿಂತಳು.

ಅಕ್ಕ ಹೇಳಿಕೊಂಡದ್ದು ತನ್ನ ಮನೆಯಲ್ಲಿ ಬೇಯಿಸುವುದಿಲ್ಲ, ತಾನು ತಿನ್ನುವುದಿಲ್ಲ ಎಂದು. ಭಾವ ತಿನ್ನಬಾರದೆಂದು ಹೇಳಿರಲಿಲ್ಲ. ಗಿರಣಿ ಅವಳ ಮನೆಯಲ್ಲ. ಇಷ್ಟು ಯೋಚಿಸಲು ನನಗೆ ಇಡೀ ದಿನ ಬೇಕಾಯಿತು. ಸೋಮವಾರ ಹೋಗಿ ಹೇಳಿದೆ. ಅಕ್ಕ, "ದ್ಯಾವ್ರತ್ರ ಲಾಯರ್‌ಗಿರಿ ಮಾಡ್ತೀಯಲ್ಲೋ" ಎಂದಳು. ಬೇಡ ಎನ್ನಲಿಲ್ಲ.

ನಾನು ಜನ್ಮದಲ್ಲಿ ಅಡುಗೆ ಮಾಡಿದವನಲ್ಲ. ಸೋಮವಾರ ಸಂಜೆ ಗಿರಣಿ ಗುಡಿಸಿ ತೊಳೆದು, ಗ್ಯಾಸ್ ಒಲೆ ತಂದಿಟ್ಟು, ಜೋಳಕ್ಕೆ ಸುಣ್ಣ ಹಾಕಿ ಕುದಿಸಿಟ್ಟೆ. ಮಂಗಳವಾರ ಬೆಳಿಗ್ಗೆ ಕೋಳಿ ತಂದೆ. ನಾನೂ ಅವರ ಮಗಳೂ ಸೇರಿ ಭಾವನನ್ನು ಆಟೋದಲ್ಲಿ ಕರೆತಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಜಾರದಂತೆ ಸೊಂಟಕ್ಕೆ ಟವೆಲ್ ಕಟ್ಟಿದೆವು. ಅಕ್ಕ ಒಳಗೆ ಬರಲಿಲ್ಲ. ಹೊರಗಿನ ಜಗಲಿಯಲ್ಲಿ ಬೀದಿಗೆ ಮುಖ ಮಾಡಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತಳು.

ರಾಗಿ ಬೀಸಲು ಬಂದ ಮುದುಕಿಯೊಬ್ಬಳು ಇಣುಕಿ ನೋಡಿ, "ಏನ್ಲಾ ಇದು, ಮಿಲ್ಲಲ್ಲಿ ಕೋಳಿ ಬೀಸ್ತಿದ್ದೀಯಾ?" ಎಂದಳು.

"ಇವತ್ತು ಮಿಲ್ ಇಲ್ಲ ಕಣಜ್ಜಿ, ನಾಳೆ ಬಾ."

"ನಾಳೀಕೆ ಬಂದ್ರೆ ನನ್ ರಾಗಿಹಿಟ್ಟು ಬಾಡಿನ್ ವಾಸ್ನೆ ಒಡೀತದೆ. ಓಗ್ಲಿ ಬುಡು, ಸಾರಿನ್ ಕರ್ಚು ಉಳೀತು" ಎಂದು ಚೀಲ ಎತ್ತಿಕೊಂಡು ಹೋದಳು. ಕುರ್ಚಿಯಲ್ಲಿ ಭಾವ ನಕ್ಕರು. ಮುಖದ ಎಡಭಾಗ ಮಾತ್ರ ನಕ್ಕಿತು.

ನನಗೆ ನೆನಪಿದ್ದಷ್ಟು ಮಾಡಿದೆ. ಟೊಮೆಟೊ ಸುಟ್ಟೆ. ಮೆಣಸಿನಕಾಯಿ ಹುರಿಯುವಾಗ ಸೀದುಹೋಗಿ ಎಲ್ಲರಿಗೂ ಕೆಮ್ಮು ಬಂತು. ಎಣ್ಣೆಗೆ ಕೈ ಹಾಕಿದರೆ "ತಡಿ", ಉಪ್ಪಿಗೆ ಕೈ ಹಾಕಿದರೆ "ತಡಿ". ಹಾಕಬೇಕೋ, ಬೇಡವೋ, ಇನ್ನೂ ಹಾಕಬೇಕೋ? ಅವರ ಎಡಗೈ ಗಾಳಿಯಲ್ಲಿ ಏನನ್ನೋ ತಿರುವುತ್ತಿತ್ತು, ಚಿಟಿಕೆ ಮಾಡುತ್ತಿತ್ತು, ಬಿಡುತ್ತಿತ್ತು. ಅಷ್ಟು ಚೆನ್ನಾಗಿ ಗೊತ್ತಿದ್ದವರು ಎದುರಿಗೇ ಕೂತಿದ್ದಾರೆ; ನನಗೆ ಮಾತ್ರ ತಿಳಿಯುತ್ತಿಲ್ಲ. ಒಂದು ಸಲ ಸೌಟು ಕೆಳಗಿಟ್ಟು, "ನನ್ ಕೈಲಾಗಕಿಲ್ಲ ಭಾವ" ಎಂದೆ. ಅವರು ನನ್ನನ್ನೇ ನೋಡಿ ಬಹಳ ಮೆಲ್ಲಗೆ "ತಡಿ" ಎಂದರು. ಸೌಟು ಮತ್ತೆ ಎತ್ತಿಕೊಂಡೆ.

ಜೋಳ ಅರಳಲು ತುಂಬ ಹೊತ್ತು ಹಿಡಿಯಿತು. ಅರಳಿದ ಮೇಲೆ ಒಂದು ಬಟ್ಟಲಿಗೆ ತಿಳಿ, ನಾರಿಲ್ಲದಂತೆ ಬಿಡಿಸಿದ ಕೋಳಿ, ಕಿವುಚಿದ ಕಾಳು ಹಾಕಿ, ಮೇಲೆ ನಿಂಬೆ ಹಿಂಡಿದೆ. ಭಾವನ ಮಗಳು ಚಮಚ ಹಿಡಿದಳು. ಅವರು ಬಾಯಿ ತೆರೆದರು. ಬಾಯಲ್ಲಿ ಇಟ್ಟುಕೊಂಡರು. ನಾವಿಬ್ಬರೂ ಅವರ ಗಂಟಲನ್ನೇ ನೋಡುತ್ತ ನಿಂತೆವು. ಗಂಟಲು ಮೇಲೆದ್ದು ಇಳಿಯಿತು. ಹೋಯಿತು. ಅವಳು ಇನ್ನೊಂದು ಚಮಚ ಕೊಡಲು ಹೋದಳು. ಭಾವ ಅವಳ ಕೈಯಿಂದ ಚಮಚ ತೆಗೆದುಕೊಂಡರು.

ಅದನ್ನು ಎಡಗೈಯಲ್ಲಿ ಹಿಡಿದು ಬಟ್ಟಲಿಗೆ ಅದ್ದಿದರು. ಆಮೇಲೆ ಬಾಗಿಲ ಕಡೆಗೆ ಚಾಚಿದರು. ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ತಡಿ" ಎಂದು ಕರೆದರು. ಜಗಲಿಯಲ್ಲಿದ್ದ ಅಕ್ಕ ತಿರುಗಿ ನೋಡಿದಳು.

"ಅಪ್ಪಾ, ಅವ್ವ ತಿನ್ನಂಗಿಲ್ಲ. ಅರಕೆ ಮಾಡ್ಕಂಡವ್ಳೆ" ಎಂದು ಮಗಳು ಅವರ ಕಿವಿಯ ಹತ್ತಿರ ಹೇಳಿದಳು. ಭಾವ ಕೈ ಇಳಿಸಲಿಲ್ಲ. ಅವರಿಗೆ ಅರ್ಥವಾಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಚಮಚ ಖಾಲಿಯಾಯಿತು. ಮತ್ತೆ ಅದ್ದಿ ಮತ್ತೆ ಚಾಚಿದರು. ನಾನು ಕೊಡಲು ಹೋದರೆ ಬಾಯಿ ಬಿಗಿದುಕೊಂಡರು.

ಅಕ್ಕ ಎದ್ದಳು. ಹೊಸಿಲ ಹತ್ತಿರ ನಿಂತಳು. ನನ್ನ ಕಡೆ ನೋಡಿದಳು. ನಾನೇನಾದರೂ ಹೇಳುತ್ತೇನೆಂದು ನೋಡಿದಳು. ಈ ಸಲ ನನ್ನ ಲಾಯರ್‌ಗಿರಿ ನಡೆಯುವಂತಿರಲಿಲ್ಲ. ಆಗ ಅವಳು ಸೆರಗು ಕೆಳಗೆ ಬಿಟ್ಟು ಒಳಗೆ ಬಂದು, ಕುರ್ಚಿಯ ಮುಂದೆ ಕೂತು ಬಾಯಿ ತೆರೆದಳು. ಅರ್ಧ ಅವಳ ಬಾಯಿಗೆ, ಅರ್ಧ ಗದ್ದಕ್ಕೆ. ಭಾವ ಚಮಚ ಹಿಡಿದುಕೊಂಡು ಕಾದರು. 

"ಹೂಂ" ಎಂದಳು ಅಕ್ಕ.

ಆಮೇಲೆ ಭಾವ ಬಟ್ಟಲು ಖಾಲಿ ಮಾಡಿದರು.

ಬುಧವಾರ ಟ್ಯೂಬ್ ಹಾಕಲಿಲ್ಲ. ಅವತ್ತಿನಿಂದ ಅವರು ಗಂಜಿಯನ್ನೂ ಕುಡಿದರು, ಹಾಲನ್ನೂ ಕುಡಿದರು. ಮಗಳು ಕಾಲೇಜಿಗೆ ಹೋದಳು. ಇನ್ನು ಸುಧಾರಿಸಿಕೊಳ್ಳುತ್ತಾರೆ ಎಂದು ನಾನು ಗಿರಣಿಗೆ ಬಂದವರಿಗೆಲ್ಲ ಹೇಳಿದೆ. ಮುಂದಿನ ಸೋಮವಾರ ಬೆಳಗಾಗುವ ಹೊತ್ತಿಗೆ ಎರಡನೇ ಸಲ ಲಕ್ವ ಹೊಡೆಯಿತು. ಆಂಬುಲೆನ್ಸ್ ಮಾಂಬಳ್ಳಿ ದಾಟುವ ಮೊದಲೇ ಮುಗಿದಿತ್ತು.

ಸೋಮವಾರ. ಮಾದಪ್ಪನ ವಾರ. ಹರಕೆಯ ಮಾತು ಊರಿಗೆಲ್ಲ ಗೊತ್ತಿತ್ತು, ಗಿರಣಿಯ ಸಾರಿನ ಮಾತೂ ಗೊತ್ತಿತ್ತು. ಸಾವಿನ ಮನೆಗೆ ಬಂದ ಹೆಂಗಸರು ಎರಡನ್ನೂ ಜೋಡಿಸಿ ಪಿಸುಗುಡುವುದು ನನ್ನ ಕಿವಿಗೇ ಬಿತ್ತು. ಅಕ್ಕನ ಕಿವಿಗೆ ಬೀಳದೆ ಇರುತ್ತದೆಯೇ? ಒಮ್ಮೆ ಹೊಡೆದವರಿಗೆ ಮತ್ತೆ ಹೊಡೆಯುವುದು ಇದ್ದದ್ದೇ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಅದನ್ನು ಅಕ್ಕನಿಗೆ ನೆನಪಿಸಿದೆ.

"ನಾನ್ ಮಾತ್ ಕೊಟ್ಟಿದ್ದು ಡಾಕ್ಟ್ರಿಗಲ್ಲ ಕಣ್ಲಾ" ಎಂದಳು.

"ನನ್ ಮ್ಯಾಲೆ ಕ್ವಾಪನಾ ಅಕ್ಕಾ? ಸಾರು ಮಾಡ್ದೋನು ನಾನು."

"ನಿನ್ ಮ್ಯಾಲ್ಯಾಕ್ಲಾ? ನೀನು ಮಿಲ್ಲಲ್ಲಿ ಮಾಡ್ದೆ. ಬಾಯ್ ತಗ್ದೋಳು ನಾನು."

ಹನ್ನೊಂದನೇ ದಿನ ಎಡೆ ಇಡುವಾಗ ಸತ್ತವರಿಗೆ ಇಷ್ಟವಾದದ್ದನ್ನು ಇಡುವುದು ನಮ್ಮಲ್ಲಿ ಪದ್ಧತಿ. ಅಕ್ಕ ಅನ್ನ, ಸೊಪ್ಪಿನ ಸಾರು, ಪಾಯಸ ಇಟ್ಟಳು. ಭಾವನ ಕಡೆಯ ಹಿರಿಯರೊಬ್ಬರು, "ಕೋಳಿ ಅಂದ್ರೆ ಪ್ರಾಣ ಬುಡೋನು ಕಣವ್ವ. ಅವ್ನಿಗೆ ಸೊಪ್ಪಾ?" ಎಂದರು. ಹರಕೆ ಇನ್ನೂ ಇದೆಯೋ, ಮುಗಿದಿದೆಯೋ? ಎದ್ದು ಬೆಟ್ಟ ಹತ್ತಬೇಕಾದವರೇ ಇಲ್ಲದ ಮೇಲೆ ಯಾರನ್ನು ಕೇಳುವುದು? ಅವಳ ಮನೆಯಲ್ಲಿ ಇವತ್ತಿಗೂ ಬಾಡು ಬೇಯುವುದಿಲ್ಲ. ನಾನೂ ಗಿರಣಿಯಲ್ಲಿ ಮತ್ತೆ ಆ ಸಾರು ಮಾಡಿಲ್ಲ. ಮಾಡಿದರೂ ಯಾರಿಗೆಂದು ಬಡಿಸುವುದು?

ಕೆಲವು ತಿಂಗಳು ಕಳೆದ ಮೇಲೆ ಅಕ್ಕ ಒಂದು ದಿನ ತಾನಾಗಿಯೇ, "ಬೆಟ್ಟಕ್ಕೆ ಓಗ್ಬುಟ್ ಬರನಾ ಕಣ್ಲಾ. ತಪ್ಪು ಕಾಣ್ಕೆ ಆಕ್ಬೇಕು" ಎಂದಳು. ದೇವರಿಗೆ ಕೊಟ್ಟ ಮಾತು ಮೀರಿದವರು ತಪ್ಪಾಯಿತು ಎಂದು ಹೇಳಿ ಹುಂಡಿಗೆ ಹಾಕುವುದು ತಪ್ಪು ಕಾಣಿಕೆ. ನನಗೆ ಒಂದು ಕಡೆ ಸಮಾಧಾನವೇ ಆಯಿತು. ಹಾಕಿಬಿಟ್ಟರೆ ಅವಳ ಎದೆಯ ಭಾರ ಇಳಿಯಬಹುದು, ರಾತ್ರಿ ನಿದ್ದೆ ಮಾಡಬಹುದು ಎನಿಸಿತು.

ಕೊಳ್ಳೇಗಾಲಕ್ಕೆ ಹೋಗಿ ಹನೂರಿನ ಮೇಲೆ ಹೋಗುವ ಬಸ್ಸು ಹತ್ತಿದೆವು. ಅಕ್ಕ ಆಧಾರ್ ಕಾರ್ಡ್ ತೋರಿಸಿ ಕಿಟಕಿ ಪಕ್ಕ ಕೂತಳು. ತಾಳಬೆಟ್ಟದಿಂದ ನಡೆದು ಹತ್ತುವ ಜನ ರಸ್ತೆಯ ಅಂಚಿನಲ್ಲಿ ಸಾಲಾಗಿ ಹೋಗುತ್ತಿದ್ದರು. ಅವರಲ್ಲಿ ಗಂಡ ಹೆಂಡಿರೂ ಇದ್ದರು. ಅವಳು ಅವರನ್ನು ನೋಡುತ್ತಿದ್ದಳು.

ಮಾದಪ್ಪನ ದರ್ಶನ ಆಯಿತು. ಹುಂಡಿಯ ಹತ್ತಿರ ಬಂದಾಗ ಅಕ್ಕ ಸೆರಗಿನ ಗಂಟು ಬಿಚ್ಚಿ ಕಾಣಿಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕಣ್ಣು ಮುಚ್ಚಿದಳು. ತುಟಿ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಹಿಂದಿನವರು, "ಆಕ್ಬುಟ್ ಮುಂದಕ್ಕೋಗವ್ವ, ಜನ ಅದೆ" ಎಂದು ನೂಕಿದರು. ಅವಳ ಕೈ ಹುಂಡಿಯ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಹಿಂದಕ್ಕೆ ತೆಗೆದು ಸಾಲಿನಿಂದ ಆಚೆ ಬಂದುಬಿಟ್ಟಳು.

ನಾನು ಓಡಿಹೋಗಿ ಹಿಡಿದುಕೊಂಡೆ. "ಯಾಕಕ್ಕಾ? ಯಾಕೆ ಆಕ್ನಿಲ್ಲ?"

ಅವಳು ಕಂಬಕ್ಕೆ ಒರಗಿ ಮುಷ್ಟಿ ಬಿಚ್ಚಿ ನೋಡಿಕೊಂಡಳು.

"ಏನಂತ ಆಕ್ಲಿ ಏಳು? ತಪ್ಪಾಯ್ತು ಅಂತ ಏಳ್ಬೇಕಲ್ಲಾ. ಅವ್ರು ತಿನ್ಸಿದ್ನ ತಪ್ಪು ಅನ್ನಾಕೆ ನಂಗೆ ಬಾಯ್ ಬರಾಕಿಲ್ಲ ಕಣ್ಲಾ."

ನಾನು ಅವಳ ಪಕ್ಕದಲ್ಲಿ ನಿಂತುಕೊಂಡೆ. ಸಾಲು ನಮ್ಮನ್ನು ದಾಟಿ ಹೋಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಕಾಣಿಕೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, ಬಸ್ಸು ಯಾವಾಗ ಎಂದು ಕೇಳಿದಳು.